ಪಟ್ಟನಾಯಕನಹಳ್ಳಿಯ ಸುತ್ತ ಒಂದು ದಿನದ ಮೂರು ಪಯಣಗಳು

ರಜೆ ಬಂತೆಂದರೆ ನಮ್ಮ ಕುಟುಂಬಗಳ ಮನಸ್ಸು ಸಾಮಾನ್ಯವಾಗಿ ಊಟಿ, ಮಡಿಕೇರಿ, ವೇಳಾಂಕಣ್ಣಿಗಳತ್ತ ಹರಿಯುತ್ತದೆ. ತಂಪು ಗಾಳಿ, ಹಸಿರು ಬೆಟ್ಟ, ಸಮುದ್ರದ ಅಲೆ ಇವಿಲ್ಲದಿದ್ದರೆ ಪ್ರವಾಸವೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಹೆಸರೆತ್ತಿದರೆ, ‘ಅಲ್ಲಿ ನೋಡುವುದಕ್ಕೇನಿದೆ, ಬರಗಾಲದ ಸೀಮೆ’ ಎಂಬ ಮಾತು ಕೇಳಿಬರುತ್ತದೆ. ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರದ ವ್ಯಾಪ್ತಿಯಲ್ಲೇ ಇದ್ದರೂ ನಮ್ಮಲ್ಲಿ ಅನೇಕರು ಅದರ ಉತ್ತರ ಭಾಗವನ್ನು ಹೆದ್ದಾರಿಯ ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವರು.

ಈ ಸೀಮೆಯಲ್ಲಿ ಮಳೆ ಕಡಿಮೆಯೆಂಬುದು ನಿಜ. ಆದರೆ ಕಡಿಮೆ ನೀರಿನಲ್ಲಿ ಜನರು, ಪಶುಪಕ್ಷಿಗಳು, ಅರಸೊತ್ತಿಗೆಗಳು ಹೇಗೆ ಬಾಳಿದವೆಂಬುದನ್ನು ತಿಳಿಯಲು ಇದಕ್ಕಿಂತ ಉತ್ತಮ ಪಾಠಶಾಲೆ ಇನ್ನೊಂದಿಲ್ಲ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯನ್ನು ನೆಲೆಯಾಗಿಟ್ಟುಕೊಂಡು, ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ಮೂರು ಪಯಣಗಳನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಮೂರರಲ್ಲಿಯೂ ನೀರಿನ ಜಾಡನ್ನು ಹಿಡಿದು ಹೋಗೋಣ.

ಪಟ್ಟನಾಯಕನಹಳ್ಳಿ ಗುರುಗುಂಡ ಬ್ರಹ್ಮೇಶ್ವರಸ್ವಾಮಿ ಮಠದಿಂದಾಗಿ ನಾಡಿಗೆ ಪರಿಚಿತವಾದ ಊರು. ಸುತ್ತಲೂ ಶೇಂಗಾ, ರಾಗಿ ಬೆಳೆಯುವ ಕೆಂಪು ನೆಲ, ನಡುನಡುವೆ ತೆಂಗು ಅಡಿಕೆಯ ತೋಟಗಳು, ಹುಣಸೆ ಮರಗಳ ಸಾಲು, ಕುರಿಮಂದೆಗಳು. ತೋಟ ಕಂಡಲ್ಲೆಲ್ಲ ಕೊಳವೆಬಾವಿಯೊಂದು ಇರುವುದೆಂದು ಮಕ್ಕಳಿಗೆ ಹೇಳಿಕೊಡಬಹುದು. ಬಾವಿಯ ನೀರು ಎಲ್ಲಿ ಮುಗಿಯಿತೋ ಅಲ್ಲಿ ಹಸಿರೂ ಮುಗಿಯುತ್ತದೆ. ಕಾರಿನ ಕಿಟಕಿಯಿಂದಲೇ ಈ ಗೆರೆಯನ್ನು ಕಾಣಬಹುದು.

ಮೊದಲ ಪಯಣ ಶಿರಾ ಮತ್ತು ಕಗ್ಗಲಡುವಿಗೆ. ಇದು ಚಿಕ್ಕ ಹಾದಿ. ಭಾನುವಾರದ ಬೆಳಗಿನ ಬಲಿಪೂಜೆ ಮುಗಿಸಿ ಹೊರಟರೂ ಸಾಕು. ಇಂದು ಬೆಂಗಳೂರು ಪುಣೆ ಹೆದ್ದಾರಿಯಲ್ಲಿ ಒಂದು ನಿಲುಗಡೆಯಷ್ಟೇ ಆಗಿ ತೋರುವ ಶಿರಾ, ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ ಆರಂಭಿಸಿದ ಈ ಊರು 1638ರಲ್ಲಿ ಬಿಜಾಪುರದವರ ಕೈಸೇರಿತು. 1687ರಲ್ಲಿ ಮೊಗಲರು ಗೆದ್ದುಕೊಂಡು ಇದನ್ನು ತಮ್ಮ ಸುಬಾದ ಮುಖ್ಯ ಪಟ್ಟಣವನ್ನಾಗಿ ಮಾಡಿದರು. 1761ರಲ್ಲಿ ಹೈದರಾಲಿಯ ವಶವಾಯಿತು. ಕೋಟೆ, ಕಂದಕ, ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿ, 1696ರ ಜಾಮಿಯಾ ಮಸೀದಿ ಇವೆಲ್ಲ ಆ ಕಾಲದ ಸಾಕ್ಷಿಗಳಾಗಿ ನಿಂತಿವೆ. ಟಿಪ್ಪುವಿನ ಕಾಲದಲ್ಲಿ ಇಲ್ಲಿನ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಂಗೆ ಒಯ್ದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಂಥ ಜನಸಂದಣಿಯ ಪಟ್ಟಣ ಮಳೆ ಕಡಿಮೆಯಿರುವ ಈ ನೆಲದಲ್ಲಿ ಹೇಗೆ ಬಾಳಿತು? ಕೆರೆ, ಬಾವಿ, ಕಂದಕಗಳನ್ನು ಜೋಪಾನ ಮಾಡದೆ ಅದು ಸಾಧ್ಯವಾಗುತ್ತಿರಲಿಲ್ಲ.

ಶಿರಾದಿಂದ ಹಳ್ಳಿಯ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಕಗ್ಗಲಡು ಸಿಗುತ್ತದೆ. ಇಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರೊಳಗಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ಬಂದ ಹಕ್ಕಿಗಳು ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಟುಹೋಗುತ್ತವೆ. ಮದ್ದೂರು ಸಮೀಪದ ಕೊಕ್ಕರೆ ಬೆಳ್ಳೂರನ್ನು ಬಲ್ಲವರಿಗೆ ಈ ನೋಟ ಹೊಸದಲ್ಲ. ಆದರೆ ಅಲ್ಲಿಯಂತೆ ಇಲ್ಲಿ ಜನಜಂಗುಳಿಯಿಲ್ಲ. ಗುಲಾಬಿ ಬಣ್ಣದ ಗರಿ ಹೊತ್ತ ಹಕ್ಕಿಗಳು ಮನೆಯ ಮಾಡಿನ ಮೇಲಿನಿಂದ ಹಾರಿಹೋಗುತ್ತಿದ್ದರೂ ಊರಿನವರು ತಮ್ಮ ಪಾಡಿಗೆ ಕೆಲಸದಲ್ಲಿರುತ್ತಾರೆ.

ಇದರ ಹಿಂದಿರುವ ತ್ಯಾಗವನ್ನು ನಾವು ಗಮನಿಸಬೇಕು. ಹುಣಸೆ ಈ ಸೀಮೆಯ ರೈತನಿಗೆ ನೀರು ಹಾಯಿಸದೆ ಕೈಗೆ ಬರುವ ಹಣ. ಹಣ್ಣು ಬಡಿಯುವ ಕಾಲವೂ ಹಕ್ಕಿ ಗೂಡು ಕಟ್ಟುವ ಕಾಲವೂ ಒಂದೇ ಆಗಿರುವುದರಿಂದ, ಗೂಡಿರುವ ಮರದ ತಂಟೆಗೆ ಹೋಗದಿರುವುದೆಂದರೆ ಆ ಹಣವನ್ನು ಬಿಟ್ಟುಕೊಟ್ಟಂತೆ. ಇನ್ನು ಕೊಕ್ಕರೆಯ ಆಹಾರ ಕೆರೆಯ ಮೀನು. ಸುತ್ತಲಿನ ಕೆರೆಗಳು ಒಣಗಿದ ವರ್ಷ ಮರಿಗಳನ್ನು ಸಾಕುವುದು ತಾಯಿಹಕ್ಕಿಗೆ ಕಷ್ಟವಾಗುತ್ತದೆ. ಆದ್ದರಿಂದ ಮರದ ಕೆಳಗೆ ಗದ್ದಲ ಮಾಡುವುದು, ಕಾರಿನ ಹಾರನ್ ಒತ್ತುವುದು, ಹಕ್ಕಿ ಹಾರಲೆಂದು ಕಲ್ಲೆಸೆಯುವುದು ಇವು ಬರಿಯ ಅಶಿಸ್ತಲ್ಲ. ಊರಿನವರು ನಷ್ಟ ಸಹಿಸಿ ಕಾಪಾಡಿದ್ದನ್ನು ಹಾಳುಗೆಡವಿದಂತೆ. ಗೂಡಿನಿಂದ ಬೆದರಿ ಬಿದ್ದ ಮರಿ ಮತ್ತೆ ಮೇಲೇರಲಾರದು.

ಮರಳುವಾಗ ಇದೇ ತಾಲ್ಲೂಕಿನ ಮದಲೂರು ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬಹುದು. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ಹೇಮಾವತಿಯ ನೀರನ್ನು ಇಲ್ಲಿಯವರೆಗೆ ತರಬೇಕೆಂಬುದು ಈ ಭಾಗದ ಜನರ ಬಹುಕಾಲದ ಬೇಡಿಕೆ. 2020ರ ಶಿರಾ ಉಪಚುನಾವಣೆಯಲ್ಲಿ ಈ ಕೆರೆಯನ್ನು ತುಂಬಿಸುವುದೇ ದೊಡ್ಡ ಭರವಸೆಯಾಗಿತ್ತು. ಒಂದು ಕೆರೆ ಚುನಾವಣೆಯ ಮಾತಾಗಬೇಕಾದರೆ ಆ ಊರುಗಳ ದಾಹ ಎಷ್ಟಿರಬೇಕೆಂಬುದನ್ನು, ನಲ್ಲಿ ತಿರುಗಿಸಿದೊಡನೆ ನೀರು ಕಾಣುವ ನಾವು ಯೋಚಿಸಬೇಕು.

ಎರಡನೆಯ ಪಯಣ ಮಧುಗಿರಿ, ಕೊರಟಗೆರೆಗಳ ಕಡೆಗೆ. ಶಿರಾದಿಂದ ಬಡವನಹಳ್ಳಿಯ ಮೂಲಕ ಸುಮಾರು 40 ಕಿ.ಮೀ. ಸಾಗಿದರೆ ಮಧುಗಿರಿ. ಊರು ಕಾಣಿಸುವುದಕ್ಕೆ ಬಹಳ ಮೊದಲೇ ಬೆಟ್ಟ ಕಾಣಿಸುತ್ತದೆ. ಸಮುದ್ರ ಮಟ್ಟದಿಂದ 3,930 ಅಡಿ ಎತ್ತರದ ಈ ಬೆಟ್ಟಕ್ಕೆ ಏಷ್ಯಾದ ಎರಡನೆಯ ಅತಿ ದೊಡ್ಡ ಏಕಶಿಲೆಯೆಂಬ ಖ್ಯಾತಿಯಿದೆ. ಬಂಡೆಯ ಮೈಮೇಲೆ ಕೋಟೆಯ ಗೋಡೆಗಳು ಒಂದರ ಮೇಲೊಂದಾಗಿ ಏರುತ್ತ ಹೋಗುತ್ತವೆ. ಕೆಳದಿಯ ರಾಣಿ ವೀರಮ್ಮಾಜಿಯನ್ನು ಹೈದರಾಲಿ 1763ರ ನಂತರ ಸೆರೆಯಲ್ಲಿಟ್ಟದ್ದು ಇದೇ ಕೋಟೆಯಲ್ಲಿ. 1767ರಲ್ಲಿ ಮರಾಠರು ಆಕೆಯನ್ನು ಬಿಡಿಸಿದರು. ಮಲೆನಾಡಿನ ಮಳೆಯಲ್ಲಿ ಬೆಳೆದ ರಾಣಿ ಈ ಸುಡುಬಂಡೆಯ ಮೇಲೆ ಕಳೆದ ದಿನಗಳನ್ನು ನೆನೆದರೆ ಇತಿಹಾಸದ ಪಾಠ ಮಕ್ಕಳ ಮನಸ್ಸಿಗೆ ತಾನಾಗಿ ಇಳಿಯುತ್ತದೆ.

ಬೆಟ್ಟ ಹತ್ತುವವರು ಸೂರ್ಯೋದಯದ ವೇಳೆಗೇ ಬುಡ ಸೇರಬೇಕು. ಬಂಡೆ ಕಾದ ಮೇಲೆ ಏರುವುದು ಹಿರಿಯರಿಗೂ ಮಕ್ಕಳಿಗೂ ತರವಲ್ಲ. ಮಳೆ ಬಿದ್ದ ದಿನವಂತೂ ಜಾರುವ ಅಪಾಯವಿದೆ. ತುದಿ ಮುಟ್ಟಲೇಬೇಕೆಂಬ ಹಟ ಬೇಡ. ಅರ್ಧ ದಾರಿಯಲ್ಲಿ ಕುಳಿತು ನೋಡಿದರೂ ಕೆಳಗಿನ ಊರು, ಕೆರೆಗಳು, ದೂರದ ಬೆಟ್ಟಸಾಲುಗಳು ಕಣ್ಣು ತುಂಬುತ್ತವೆ.

ಮಧುಗಿರಿಯಿಂದ ಕೊರಟಗೆರೆಯ ದಾರಿಯಲ್ಲಿ ಬಂಡೆಗುಡ್ಡಗಳ ನಡುವೆ ಚನ್ನರಾಯನದುರ್ಗದ ಕೋಟೆ ಕಾಣುತ್ತದೆ. ಕೊರಟಗೆರೆ ಸುತ್ತಲಿನ ನೆಲ ಇತರ ಮೂರು ತಾಲ್ಲೂಕುಗಳಿಗಿಂತ ಹಸಿರು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಬರುವ ಜಯಮಂಗಲಿ ನದಿಗೆ ಇಲ್ಲಿ ತೀತಾ ಜಲಾಶಯವಿದೆ. ಮಳೆ ಚೆನ್ನಾಗಿ ಆದ ವರ್ಷ ಅದರ ದಡದಲ್ಲಿ ಬುತ್ತಿ ಬಿಚ್ಚುವುದು ಒಂದು ಸುಖ. ಗಿಡಮೂಲಿಕೆಗಳಿಗೆ ಹೆಸರಾದ ಸಿದ್ದರಬೆಟ್ಟವೂ ಇದೇ ತಾಲ್ಲೂಕಿನಲ್ಲಿದೆ.

ಮುಂದೆ ಇದೇ ಜಯಮಂಗಲಿ ಮಧುಗಿರಿ ತಾಲ್ಲೂಕಿನಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಹೆಚ್ಚಿನ ಕಾಲ ಅದು ಮರಳಿನ ಹಾಸು ಮಾತ್ರ. ಈ ನದಿಯ ಹೆಸರನ್ನೇ ಹೊತ್ತ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಮೈದನಹಳ್ಳಿಯ ಬಳಿ ಇದೆ. 2007ರಲ್ಲಿ ಘೋಷಿತವಾದ ಇದರ ವಿಸ್ತೀರ್ಣ 798 ಎಕರೆ. ಹುಲಿ, ಆನೆಗಳ ಕಾಡನ್ನಷ್ಟೇ ಕಾಡೆಂದು ಬಗೆಯುವ ನಮಗೆ ಹುಲ್ಲುಗಾವಲೂ ಜೀವಿಗಳ ಮನೆಯೆಂಬ ಅರಿವು ಇಲ್ಲಿ ಮೂಡುತ್ತದೆ. ಮರ ನೆಟ್ಟು ತುಂಬಿಸಿದರೆ ಕೃಷ್ಣಮೃಗ ಉಳಿಯದು; ದೂರ ನೋಡಿ ಓಡಿ ತಪ್ಪಿಸಿಕೊಳ್ಳುವ ಪ್ರಾಣಿಗೆ ಬಯಲೇ ಬೇಕು. ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ಸದ್ದಿಲ್ಲದೆ ನೋಡಬೇಕು. ಕಾರನ್ನು ಹುಲ್ಲಿನೊಳಗೆ ನುಗ್ಗಿಸಿ ಜಿಂಕೆಗಳನ್ನು ಅಟ್ಟುವುದು ಕಾನೂನಿಗೂ ವಿರುದ್ಧ, ದಯೆಗೂ ವಿರುದ್ಧ.

ಮೂರನೆಯ ಪಯಣ ಪಾವಗಡಕ್ಕೆ. ಮೂರು ಕಡೆ ಆಂಧ್ರದಿಂದ ಸುತ್ತುವರಿದ ತಾಲ್ಲೂಕು ಇದು. ಇಲ್ಲಿ ಕನ್ನಡ ತೆಲುಗು ಒಂದೇ ಜಗುಲಿಯಲ್ಲಿ ಕೂತು ಮಾತಾಡುತ್ತವೆ. ಮಧುಗಿರಿಯಿಂದ ಮಿಡಿಗೇಶಿಯ ಮೇಲೆ ಹಾದುಹೋಗುವ ದಾರಿ ಸೊಗಸಾದದ್ದು. ಹಿಮ್ಮಡಿ ಮುಟ್ಟುವ ಕೇಶರಾಶಿಯಿದ್ದ ಹೆಣ್ಣುಮಗಳೊಬ್ಬಳಿಂದ ಮಿಡಿಗೇಶಿಗೆ ಆ ಹೆಸರು ಬಂತೆಂದು ಜನರು ಹೇಳುತ್ತಾರೆ. ಅಲ್ಲಿಯ ಬೆಟ್ಟದ ಮೇಲೂ ಕೋಟೆಯಿದೆ. ಪಾವಗಡ ಪಟ್ಟಣದಲ್ಲಿ ಶನಿಮಹಾತ್ಮ ದೇವಾಲಯಕ್ಕೆ ಶನಿವಾರ, ಅದರಲ್ಲೂ ಶ್ರಾವಣ ಮಾಸದಲ್ಲಿ, ಭಕ್ತರ ದಟ್ಟಣೆ ಇರುವುದರಿಂದ ವಾಹನದವರು ಬೇರೆ ದಿನ ಆರಿಸಿಕೊಳ್ಳುವುದು ಲೇಸು.

ಪಟ್ಟಣ ದಾಟಿ ತಿರುಮಣಿಯ ಕಡೆ ಹೋದರೆ ನೋಟವೇ ಬದಲಾಗುತ್ತದೆ. ಕಣ್ಣು ಹಾಯುವವರೆಗೂ ನೀಲಿಗಪ್ಪು ಸೌರಫಲಕಗಳು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಜಗತ್ತಿನ ಅತಿ ದೊಡ್ಡ ಸೌರ ಉದ್ಯಾನಗಳಲ್ಲಿ ಇದೂ ಒಂದು.

ಇಲ್ಲಿ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತೆಂಬುದು ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುತ್ತದೆ. ಮಳೆ ಕೈಕೊಟ್ಟು ಶೇಂಗಾ ಒಣಗುವುದನ್ನು ವರುಷ ವರುಷವೂ ಕಂಡ ರೈತನಿಗೆ ಇದು ತಪ್ಪದೆ ಬರುವ ಆದಾಯ. ಆದರೆ ಭೂಮಿಯೇ ಇಲ್ಲದ ಕೂಲಿಯವನಿಗೆ ಬಾಡಿಗೆ ಬರಲಿಲ್ಲ. ಹೊಲದ ಕೆಲಸವೂ ಹೋಯಿತು. ಕುರಿ ಮೇಯಿಸುವವನ ಬಯಲಿಗೆ ಬೇಲಿ ಬಿತ್ತು. ಯಾವ ಬಿಸಿಲು ಈ ಸೀಮೆಯನ್ನು ಬಡತನಕ್ಕೆ ನೂಕಿತೋ ಅದೇ ಬಿಸಿಲು ಇಂದು ಬೆಳೆಯಾಗಿದೆ. ಆ ಬೆಳೆಯ ಪಾಲು ಎಲ್ಲರ ಮನೆಗೂ ತಲುಪಿದೆಯೇ ಎಂಬುದು ದಾರಿಹೋಕರಾದ ನಾವೂ ಕೇಳಿಕೊಳ್ಳಬೇಕಾದ ಪ್ರಶ್ನೆ. ನಮ್ಮ ಮನೆಯ ದೀಪಕ್ಕೂ ಈ ನೆಲಕ್ಕೂ ಸಂಬಂಧವಿಲ್ಲವೆಂದು ಹೇಳಲಾಗದು.

ಈ ಪಯಣಗಳಿಗೆ ಅಕ್ಟೋಬರದಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಹಕ್ಕಿಗಳಿಗಾಗಿಯೇ ಹೋಗುವವರು ಫೆಬ್ರವರಿ, ಮಾರ್ಚ್ ತಿಂಗಳ ಮುಂಜಾವನ್ನು ಆರಿಸಿಕೊಳ್ಳಲಿ. ಕುಡಿಯುವ ನೀರನ್ನು ಮನೆಯಿಂದಲೇ ಧಾರಾಳವಾಗಿ ಒಯ್ಯಬೇಕು. ಪಾವಗಡದ ಕಡೆಯ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದರಿಂದ, ಅಲ್ಲಿನವರಿಗೆ ಒಳ್ಳೆಯ ನೀರಿನ ಪ್ರತಿ ಕೊಡವೂ ಬೆಲೆಯುಳ್ಳದ್ದು. ಅತಿಥಿಗಳಾದ ನಾವು ಅದರಿಂದ ಕೈಕಾಲು ತೊಳೆಯುವುದು ಸಲ್ಲದು. ಊಟ, ಚಹಾ, ಹುಣಸೆಹಣ್ಣು, ಶೇಂಗಾಗಳನ್ನು ಮಾತ್ರ ದಾರಿಯ ಹಳ್ಳಿಗಳಲ್ಲೇ ಚೌಕಾಸಿಯಿಲ್ಲದೆ ಕೊಳ್ಳೋಣ. ಮಠ, ದರ್ಗಾ, ದೇವಾಲಯಗಳ ಮುಂದೆ ಪಾದರಕ್ಷೆ ಕಳಚಿ, ಅಲ್ಲಿಯವರ ರೀತಿನೀತಿಗೆ ತಲೆಬಾಗಿ ನಡೆಯೋಣ. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಕೆರೆಯಂಗಳದಲ್ಲಿ ಬಿಡದೆ ಮರಳಿ ತರೋಣ. ಮಳೆ ಬಂದಾಗ ಅವು ತೂಬಿಗೆ ಅಡ್ಡ ಬೀಳುತ್ತವೆ.

ದುಬಾರಿ ಖರ್ಚಿಲ್ಲದೆ, ವಸತಿಗೃಹದ ಚಿಂತೆಯಿಲ್ಲದೆ, ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ಒಂದೇ ವಾಹನದಲ್ಲಿ ಕಳೆಯಬಹುದಾದ ದಿನಗಳಿವು. ಮುಂದಿನ ರಜೆಯಲ್ಲಿ ಒಂದನ್ನಾದರೂ ಕೈಗೊಳ್ಳಿರೆಂದು ವಾಚಕರಲ್ಲಿ ನಮ್ಮ ವಿನಂತಿ. ತುಂಬಿದ ಕೆರೆ ಸಿಕ್ಕರೆ ಸಂತೋಷಪಡೋಣ. ಬತ್ತಿದ ಕೆರೆ ಸಿಕ್ಕರೆ ಅದರ ಏರಿಯ ಮೇಲೆ ಒಂದು ಗಳಿಗೆ ನಿಂತು, ಅದನ್ನೇ ನಂಬಿ ಬಾಳುವವರನ್ನು ನೆನೆಯೋಣ.