ಶಾಲೆ ಮುಗಿದ ಮೇಲೆ ಮುಂದೇನು?

ಮಕ್ಕಳ ಶಾಲೆ ಮುಗಿಯಿತೆಂದರೆ ಮನೆಯಲ್ಲಿ ಪೇಡೆ ಹಂಚುವುದು ವಾಡಿಕೆ. ಮುಂದೆ ಕಾಲೇಜು, ನೌಕರಿ, ಮದುವೆ ಎಂದು ದಾರಿ ಹೇಗೋ ಸಾಗುತ್ತದೆ. ಆದರೆ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳ ಮನೆಗಳಲ್ಲಿ ಅದೇ ದಿನ ಪೇಡೆಯ ಜೊತೆಗೆ ಒಂದು ದಿಗಿಲೂ ಬಂದು ಕೂಡುತ್ತದೆ. ಅಂಥ ಒಂದು ಮನೆ ನನ್ನ ಅಕ್ಕನದು. ಅಲ್ಲಿ ಕಂಡುದನ್ನೂ ಆಮೇಲೆ ನಾವು ಕಲಿತುದನ್ನೂ ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಅಕ್ಕ ಧಾರವಾಡದಿಂದ ಮದುವೆಯಾಗಿ ಮುಂಬಯಿಯ ಮಾಟುಂಗಕ್ಕೆ ಬಂದವಳು. ಅವಳ ಒಬ್ಬನೇ ಮಗನನ್ನು ಇಲ್ಲಿ ಪುಟ್ಟ ಎಂದು ಕರೆಯೋಣ. ಹದಿನೆಂಟು ತುಂಬಿದಾಗ ಒಂದು ಶನಿವಾರ ಅವನ ವಿಶೇಷ ಶಾಲೆ ಮುಗಿಯಿತು. ಹಾರ ಹಾಕಿದರು, ಫೋಟೋ ತೆಗೆದರು. ಸೋಮವಾರ ಬೆಳಗ್ಗೆ ಏಳಕ್ಕೆ ಪುಟ್ಟ ಸಮವಸ್ತ್ರ ತೊಟ್ಟು, ಚೀಲ ಹೆಗಲಿಗೇರಿಸಿ, ಶಾಲೆಯ ಬಸ್ಸಿಗಾಗಿ ಹೊಸ್ತಿಲ ಬಳಿ ಕುಳಿತಿದ್ದ. "ಸಾಲಿ ಮುಗೀತಪ್ಪಾ, ಇನ್ನ ಬಸ್ಸು ಬರೂದಿಲ್ಲ" ಎಂದಳು ಅಕ್ಕ. ಅವನು ತಲೆಯಾಡಿಸಿದ. ಮಂಗಳವಾರವೂ ಬಂದು ಕುಳಿತ. ಹೀಗೆ ಒಂದು ತಿಂಗಳು ನಡೆಯಿತು.

ತಪ್ಪು ಯಾರದು? ಶಾಲೆ ಅವನಿಗೆ ಅಕ್ಷರ, ಅಂಕಿ, ಹಾಡು, ಚಿತ್ರಗಳನ್ನು ಅಕ್ಕರೆಯಿಂದಲೇ ಕಲಿಸಿತ್ತು. ಆದರೆ ನೋಟು ಕೊಟ್ಟು ಹಾಲು ತಂದು ಚಿಲ್ಲರೆ ಎಣಿಸಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ನಾವಾದರೂ ಮಾಡಿದ್ದೇನು? ಬೂಟಿನ ಲಾಡಿ ಕಟ್ಟಿದವಳು ಅಕ್ಕ, ತಲೆ ಬಾಚಿದವರು ಭಾವ, ಉಂಡ ತಟ್ಟೆ ಎತ್ತಿದವಳು ನಾನು. ಪ್ರೀತಿಯ ಹೆಸರಿನಲ್ಲಿ ಅವನ ಕೈಗೆ ಒಂದು ಕೆಲಸವನ್ನೂ ಉಳಿಸಿರಲಿಲ್ಲ.

ಕಡೆಗೆ ತರಬೇತಿ ಕೇಂದ್ರವೊಂದರ ಶಿಕ್ಷಕಿಯೊಬ್ಬರು ನಮಗೆ ದಾರಿ ತೋರಿದರು. "ಇದನ್ನು ಹದಿನಾಲ್ಕರಲ್ಲೇ ಆರಂಭಿಸಬೇಕಿತ್ತು. ಆದರೂ ತಡವೆಂದು ಕೈಕಟ್ಟಿ ಕೂರಬೇಡಿ" ಎಂದರು ಆಕೆ. ಅವರು ಹೇಳಿದ ಉಪಾಯ ಬಲು ಸರಳ. ಯಾವುದೇ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಬಿಡಿಸಬೇಕು. ಊಟದ ಡಬ್ಬಿ ಕಟ್ಟುವುದನ್ನೇ ನೋಡಿ: ಡಬ್ಬಿ ಒರೆಸುವುದು, ಚಪಾತಿ ಇಡುವುದು, ಪಲ್ಯ ತುಂಬುವುದು, ಮುಚ್ಚಳ ಒತ್ತುವುದು, ಚೀಲದಲ್ಲಿಡುವುದು. ಮೊದಲ ನಾಲ್ಕನ್ನು ತಾಯಿ ಮಾಡಿ ಕಡೆಯದೊಂದನ್ನು ಮಗನಿಗೆ ಬಿಡಬೇಕು. ಅದು ಕೈಗೆ ಹತ್ತಿದ ಮೇಲೆ ಕಡೆಯ ಎರಡು, ಆಮೇಲೆ ಮೂರು. ಹೀಗೆ ಕೊನೆಯಿಂದ ಕಲಿಸುತ್ತ ಬಂದರೆ ಪ್ರತಿದಿನವೂ ಕೆಲಸ ಮುಗಿಯುವುದು ಮಗುವಿನ ಕೈಯಿಂದಲೇ. 'ನಾನು ಮಾಡಿದೆ' ಎಂಬ ಹಿಗ್ಗು ಮರುದಿನದ ಪಾಠಕ್ಕೆ ದಾರಿಯಾಗುತ್ತದೆ.

ಹಾಲಿನ ಅಂಗಡಿಯ ಪಾಠವೂ ಹೀಗೆಯೇ ನಡೆಯಿತು. ಮೊದಲ ವಾರ ಅಕ್ಕ ಅವನ ಪಕ್ಕದಲ್ಲಿ ನಡೆದಳು. ಎರಡನೆಯ ವಾರ ಹತ್ತು ಹೆಜ್ಜೆ ಹಿಂದೆ. ಮೂರನೆಯ ವಾರ ರಸ್ತೆಯ ಈಚೆಗೆ ಹೂವಿನಂಗಡಿಯ ಮರೆಯಲ್ಲಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನೋಡಿದಳು. ಒಂದು ದಿನ ಪುಟ್ಟ ಚಿಲ್ಲರೆ ಮರೆತು ಬಂದ. ಇನ್ನೊಂದು ದಿನ ಹಾಲಿನ ಬದಲು ಮಜ್ಜಿಗೆ ತಂದ. ಅಂದು ಮನೆಮಂದಿಯೆಲ್ಲ ಮಜ್ಜಿಗೆ ಕುಡಿದೆವು. ಕೈ ಬಿಡುವುದು ಕೈ ಹಿಡಿಯುವುದಕ್ಕಿಂತ ಕಷ್ಟವೆಂದು ಆಗ ತಿಳಿಯಿತು.

ಹೊರನಾಡಿನ ನಮಗೆ ಭಾಷೆಯ ತೊಡಕು ಬೇರೆ. "ಇಂಥ ಮಗುವಿಗೆ ಒಂದೇ ಭಾಷೆ ಸಾಕು, ಕನ್ನಡ ಬಿಡಿ" ಎಂದು ಅಕ್ಕನಿಗೆ ಹಲವರು ಹೇಳಿದ್ದುಂಟು. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಕುರಿತ ಅಧ್ಯಯನಗಳಲ್ಲಾದರೋ, ಎರಡು ಭಾಷೆಗಳ ನಡುವೆ ಬೆಳೆದುದರಿಂದ ಮಾತು ಹಿಂದುಳಿಯಿತೆಂದು ಕಂಡುಬಂದಿಲ್ಲ. ಮನೆಯಲ್ಲಿ ಕನ್ನಡವಿರಲಿ, ಅಂಗಡಿಗೂ ಬಸ್ಸಿಗೂ ಬೇಕಾಗುವ ಹತ್ತಿಪ್ಪತ್ತು ಮರಾಠಿ ಮಾತುಗಳನ್ನು ಬೇರೆಯಾಗಿ ಕಲಿಸಿದರಾಯಿತು. ಪುಟ್ಟ ಈಗ "ಸುಟ್ಟೇ ಪೈಸೆ" ಎಂದು ಕೇಳಿಯೇ ಪಡೆಯುತ್ತಾನೆ.

ಕಾಗದಪತ್ರಗಳ ಕೆಲಸವೂ ಇದೆ. ಹದಿನೆಂಟು ತುಂಬಿದ ಮಗ ಕಾನೂನಿನ ಕಣ್ಣಿನಲ್ಲಿ ವಯಸ್ಕ; ತಂದೆತಾಯಿಗಳು ಆಮೇಲೆ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರಿಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವಿಧ ವೈಕಲ್ಯ ಉಳ್ಳವರಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆ ಬಂದಿದೆ. ಅದರಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕರನ್ನು ನೇಮಿಸಿಕೊಳ್ಳಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿ, ಕಲಿಕೆಯ ತೊಡಕನ್ನೂ ಅದರಲ್ಲಿ ಸೇರಿಸಿತು. ಸರಕಾರಿ ನೌಕರಿಯಲ್ಲಿ ನೂರಕ್ಕೆ 4ರಷ್ಟು ಮೀಸಲಿಟ್ಟಿತು. ವೈಕಲ್ಯವು ನೂರಕ್ಕೆ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ಇದ್ದವರಿಗೆ ಈ ಮೀಸಲಾತಿ ಸಲ್ಲುತ್ತದೆ. ಆದುದರಿಂದ ಪ್ರಮಾಣಪತ್ರವನ್ನು ಶಾಲೆ ಮುಗಿಯುವ ಮೊದಲೇ ಮಾಡಿಸಿಡುವುದು ಜಾಣತನ.

ಕೇಳಬೇಕಾದಲ್ಲಿ ಹೋಗಿ ಕೇಳಲು ಸಂಕೋಚ ಬೇಡ. ಮುಂಬಯಿಯಲ್ಲಿ 1944ರಲ್ಲಿ ಆರಂಭವಾದ ಜೈ ವಕೀಲ್ ಸಂಸ್ಥೆ, ಪುಣೆಯಲ್ಲಿ ಕಾಮಾಯನಿ, ಚೆನ್ನೈಯಲ್ಲಿ 1985ರ ವಿದ್ಯಾಸಾಗರ್, ದಿಲ್ಲಿಯಲ್ಲಿ 1991ರ ಆ್ಯಕ್ಷನ್ ಫಾರ್ ಆಟಿಸಂ ಇವೆ. ಹೈದರಾಬಾದಿನವರಿಗೆ ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಸಮೀಪವೇ ಇದೆ.

ಪುಟ್ಟ ಈಗ ಪರಿಚಿತರೊಬ್ಬರ ಹಪ್ಪಳದ ಕಾರ್ಖಾನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಪೊಟ್ಟಣ ಕಟ್ಟುತ್ತಾನೆ. ಗದ್ದಲ ಹೆಚ್ಚಾದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಸರಿಯುತ್ತಾನೆ. ಯಜಮಾನರು ಸುಮ್ಮನಿರುತ್ತಾರೆ, ಐದು ನಿಮಿಷದಲ್ಲಿ ತಾನೇ ಮರಳುತ್ತಾನೆ. ಮೊದಲ ಸಂಬಳದ ಲಕೋಟೆಯನ್ನು ಒಡೆಯದೆ ಒಂದು ವಾರ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ. "ನಮ್ಮ ನಂತರ ಇವಗ ಯಾರು?" ಎಂದು ಭಾವ ಈಗಲೂ ಕೇಳುತ್ತಾರೆ. ಆ ಪ್ರಶ್ನೆ ತೀರಿಲ್ಲ. ಆದರೆ ಡಬ್ಬಿ ಕಟ್ಟಿಕೊಂಡು ತಾನೇ ಕೆಲಸಕ್ಕೆ ಹೋಗಿ ಬರುವ ಮಗನನ್ನು ಕುರಿತು ಕೇಳುವಾಗ ಅದರ ಭಾರ ಮೊದಲಿನಷ್ಟಿಲ್ಲ.

ನಮ್ಮ ಸಂಘದ ಬಂಧುಗಳಲ್ಲಿ ಅಂಗಡಿ, ಹೋಟೆಲು, ಕಚೇರಿ ನಡೆಸುವವರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ: ಇಂಥ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮೂರು ತಿಂಗಳ ಮಟ್ಟಿಗಾದರೂ ಕರೆದು ನೋಡಿ, ದುಡಿಮೆಗೆ ತಕ್ಕ ಸಂಬಳ ಕೊಡಿ. ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡಿರುವ ತಾಯ್ತಂದೆಗಳು ಬರುವ ರಾಜ್ಯೋತ್ಸವಕ್ಕೆ ಅವರನ್ನೂ ಕರೆತನ್ನಿ. ಕುರ್ಚಿ ಜೋಡಿಸುವುದು, ಎಲೆ ಹಾಕುವುದು, ಬಂದವರಿಗೆ ಪಾನಕ ಕೊಡುವುದು ಇದ್ದೇ ಇದೆ. ಕೆಲಸಕ್ಕೇನು ಕೊರತೆ?