ಕೆಡುವ ಕೆಲಸ ಕೆಟ್ಟೇ ತೀರುತ್ತದೆ

ತೊಗರಿ ರಾಶಿ ಮಾಡಿ ಕಣದಲ್ಲಿ ಹರವಿದ ದಿನವೇ ಮೋಡ ಕವಿಯುತ್ತದೆ. ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋದ ಗಳಿಗೆಗೇ ಕರೆಂಟು ಹೋಗುತ್ತದೆ. ಬೀಗರು ಬಂದ ದಿನವೇ ಗ್ಯಾಸು ತೀರುತ್ತದೆ. ಆಗ ನಮ್ಮ ಬಾಯಿಂದ ಬರುವ ಮಾತು ಒಂದೇ: "ಇವತ್ತೇ ಆಗಬೇಕಾಗಿತ್ತೇನು ಇದು?"

ಈ ಸಂಕಟಕ್ಕೆ ನಮ್ಮ ಸೀಮೆಯ ಮೂರೂ ಭಾಷೆಗಳಲ್ಲಿ ಗಾದೆಗಳುಂಟು. ಕನ್ನಡದಲ್ಲಿ 'ದುರ್ಭಿಕ್ಷದಲ್ಲಿ ಅಧಿಕ ಮಾಸ' ಎನ್ನುತ್ತೇವೆ. ತೆಲುಗಿನಲ್ಲಿ 'ಮೂಲಿಗೇ ನಕ್ಕ ಮೀದ ತಾಟಿಪಂಡು ಪಡ್ಡಟ್ಟು' ಎನ್ನುತ್ತಾರೆ. ಮೊದಲೇ ನರಳುತ್ತಿದ್ದ ನರಿಯ ಮೇಲೆ ತಾಳೆಹಣ್ಣು ಬಿದ್ದಂತೆ. ಉರ್ದು ಬಲ್ಲವರು 'ಸರ್ ಮುಂಡಾತೇ ಹೀ ಓಲೇ ಪಡೇ' ಎನ್ನುತ್ತಾರೆ. ತಲೆ ಬೋಳಿಸಿದ ಕೂಡಲೇ ಆಲಿಕಲ್ಲು ಬಿತ್ತು! 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲೂ ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲೂ ಇದ್ದವು. ಗಡಿಯ ಗೆರೆ ಸರಿಯಿತು, ಗಾದೆಗಳು ಮಾತ್ರ ಇದ್ದಲ್ಲೇ ಉಳಿದವು.

ಈ ಗಾದೆಗಳಿಗೆ ಅಮೆರಿಕದಲ್ಲಿ ಒಬ್ಬ ತಮ್ಮನಿದ್ದಾನೆ. ಅವನ ಹೆಸರು ಮರ್ಫಿಯ ನಿಯಮ. 1949ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ವಾಯುನೆಲೆಯೊಂದರಲ್ಲಿ ಒಂದು ಪ್ರಯೋಗ ನಡೆದಿತ್ತು. ಹಳಿಯ ಮೇಲೆ ರಾಕೆಟ್ ಕಟ್ಟಿದ ಬಂಡಿಯನ್ನು ಓಡಿಸಿ, ಗಕ್ಕನೆ ಬ್ರೇಕು ಹಾಕಿದರೆ ಮನುಷ್ಯನ ದೇಹ ಎಷ್ಟು ತಾಳೀತು ಎಂದು ನೋಡುವುದು. ಆ ಬಂಡಿಯಲ್ಲಿ ಸ್ವತಃ ಕೂತವರು ಜಾನ್ ಪಾಲ್ ಸ್ಟ್ಯಾಪ್ ಎಂಬ ಸೇನಾ ವೈದ್ಯರು. ಅಳತೆಯ ಉಪಕರಣ ತಂದವರು ಎಡ್ವರ್ಡ್ ಮರ್ಫಿ ಎಂಬ ಇಂಜಿನಿಯರು. ಬಂಡಿ ಓಡಿತು, ನಿಂತಿತು. ಉಪಕರಣ ಮಾತ್ರ ಸೊನ್ನೆ ತೋರಿಸಿತು! ಬಿಚ್ಚಿ ನೋಡಿದರೆ ತಂತಿಗಳನ್ನು ತಿರುಗುಮುರುಗಾಗಿ ಜೋಡಿಸಲಾಗಿತ್ತು. ತಪ್ಪು ಮಾಡಲು ದಾರಿ ಇದ್ದರೆ ಯಾರಾದರೂ ಆ ದಾರಿಯನ್ನು ಹಿಡಿದೇ ಹಿಡಿಯುತ್ತಾರೆ ಎಂಬರ್ಥದ ಮಾತನ್ನು ಮರ್ಫಿ ಸಿಟ್ಟಿನಲ್ಲಿ ಆಡಿದರು. ಅದೇ ನಿಯಮವಾಗಿ ಲೋಕವನ್ನೆಲ್ಲ ಸುತ್ತಿತು.

ಇದು ಬರೀ ನಗೆಮಾತೇ? ಪರೀಕ್ಷಿಸಿ ನೋಡಿದವರಿದ್ದಾರೆ. ಬೆಣ್ಣೆ ಹಚ್ಚಿದ ಬ್ರೆಡ್ಡು ಮೇಜಿನಿಂದ ಜಾರಿದರೆ ಬೆಣ್ಣೆಯ ಮಗ್ಗುಲೇ ಏಕೆ ನೆಲಕ್ಕೆ? ಇಂಗ್ಲೆಂಡಿನ ರಾಬರ್ಟ್ ಮ್ಯಾಥ್ಯೂಸ್ 1995ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಂಚಿನಿಂದ ಜಾರುವಾಗ ಬ್ರೆಡ್ಡು ತಿರುಗತೊಡಗುತ್ತದೆ. ಮೇಜಿನ ಎತ್ತರ ಅದಕ್ಕೆ ಅರ್ಧ ಸುತ್ತಿಗಷ್ಟೇ ಸಾಲುತ್ತದೆ. ಮುಂದೆ ಅಲ್ಲಿನ ಶಾಲಾ ಮಕ್ಕಳು 9,821 ಸಲ ಬೀಳಿಸಿ ನೋಡಿದಾಗ 6,101 ಸಲ ಬೆಣ್ಣೆಯೇ ಕೆಳಗಾಯಿತು. ನೂರಕ್ಕೆ 62! ತಪ್ಪು ಬೆಣ್ಣೆಯದಲ್ಲ, ಹಣೆಬರಹದ್ದೂ ಅಲ್ಲ, ಮೇಜಿನ ಎತ್ತರದ್ದು.

ಬಸ್ಸಿನ ಮಾತು ನೋಡೋಣ. ನಿಮ್ಮೂರಿಗೆ ಗಂಟೆಗೆ ಎರಡು ಬಸ್ಸು ಎನ್ನಿರಿ. ಸಮನಾಗಿ ಬಂದರೆ ಸರಾಸರಿ ಕಾಯುವಿಕೆ 15 ನಿಮಿಷ. ಆದರೆ ಒಂದು ಹತ್ತು ಗಂಟೆಗೆ, ಅದರ ಬೆನ್ನಿಗೇ ಇನ್ನೊಂದು ಹತ್ತೂ ಹತ್ತಕ್ಕೆ ಬಂದು, ಮುಂದಿನದು ಹನ್ನೊಂದಕ್ಕೆ ಬಂದರೆ? ನಡುವಿನ 60 ನಿಮಿಷದಲ್ಲಿ 50 ನಿಮಿಷ ದೊಡ್ಡ ಅಂತರವೇ. ಯಾವಾಗಲೋ ಒಮ್ಮೆ ಬಂದು ನಿಂತವರಲ್ಲಿ ಹೆಚ್ಚಿನವರು ಆ ಅಂತರದಲ್ಲೇ ಸಿಕ್ಕಿಬೀಳುತ್ತಾರೆ. ಸರಾಸರಿ 21 ನಿಮಿಷಕ್ಕೂ ಮೇಲೆ ಕಾಯಬೇಕಾಗುತ್ತದೆ. ಮೂರು ಸಾಲುಗಳಿದ್ದರೆ ಪಕ್ಕದ ಯಾವುದೋ ಒಂದು ಸಾಲು ನಮ್ಮದಕ್ಕಿಂತ ಬೇಗ ಸರಿಯುವ ಸಂಭವ ಮೂರರಲ್ಲಿ ಎರಡು ಪಾಲು. ಜತೆಗೆ ನಮ್ಮ ಮನಸ್ಸೂ ತಂಟೆಕೋರ. ಬಸ್ಸು ತಪ್ಪಿದ ದಿನವನ್ನು ನೆನಪಿಡುತ್ತದೆ. ಓಡಿಬಂದು ಹತ್ತಿದ ನಾಲ್ಕು ದಿನವನ್ನು ಮರೆಯುತ್ತದೆ.

ಇಷ್ಟು ನಗೆ ಸಾಕು. ಮರ್ಫಿಯ ಮಾತಿನ ಒಳಗೆ ಒಂದು ಗಟ್ಟಿ ಕಾಳಿದೆ. ಜೀವಕ್ಕೆ ಅಪಾಯವಿದ್ದ ಆ ಕೆಲಸದಲ್ಲಿ, ಏನೇನು ಕೆಡಬಹುದೆಂದು ಮೊದಲೇ ಯೋಚಿಸುತ್ತಿದ್ದುದರಿಂದಲೇ ನಾವು ಸುರಕ್ಷಿತವಾಗಿದ್ದೇವೆ ಎಂಬುದು ಸ್ಟ್ಯಾಪ್ ಅವರ ವಾದ. 1954ರಲ್ಲಿ ಅವರು ಗಂಟೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡಿ, ನಿಂತು, ಬದುಕಿದರು. ನಿಮ್ಮ ಮನೆಯ ಮೂರು ಕಡ್ಡಿಯ ಪ್ಲಗ್ಗನ್ನೇ ನೋಡಿರಿ. ಒಂದು ಕಡ್ಡಿ ದಪ್ಪ, ಉದ್ದ. ತಿರುವಿ ತುರುಕಿದರೆ ಹೋಗುವುದೇ ಇಲ್ಲ. ತಪ್ಪಿನ ದಾರಿಯನ್ನು ಮೊದಲೇ ಮುಚ್ಚಿಟ್ಟಿದ್ದಾರೆ.

ನಾವು ಮುಚ್ಚಿದ್ದೇವೆಯೇ? ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಶರಬತ್ತಿನ ಬಾಟಲಿಗೆ ಸುರಿದು ಗೂಡಿನಲ್ಲಿಡುತ್ತೇವೆ. 'ಯಾರು ಕುಡಿಯುತ್ತಾರೆ ಬಿಡು' ಎನ್ನುತ್ತೇವೆ. ನೀರು ಬೀಳದ ಬೋರನ್ನು ತೆರೆದೇ ಬಿಟ್ಟು ಬರುತ್ತೇವೆ. 2010ರಲ್ಲಿ ಸುಪ್ರೀಂ ಕೋರ್ಟು, ಕೈಬಿಟ್ಟ ಕೊಳವೆಬಾವಿಗಳನ್ನು ತಳದಿಂದ ನೆಲದ ಮಟ್ಟದವರೆಗೆ ತುಂಬಿಸಬೇಕೆಂದು ಹೇಳಿತು. ಆದರೂ 2017ರ ಜೂನಿನಲ್ಲಿ, ತಾಂಡೂರಿನಿಂದ ಹೈದರಾಬಾದಿಗೆ ಹೋಗುವ ದಾರಿಯ ಚೇವೆಳ್ಳದ ಹತ್ತಿರ, ಇನ್ನೂ ಎರಡು ತುಂಬದ ಹೆಣ್ಣುಕೂಸು ಅಂಥ ಬೋರಿನಲ್ಲಿ ಬಿದ್ದು ಪ್ರಾಣ ಬಿಟ್ಟಿತು. ಅದನ್ನು ಹಣೆಬರಹ ಎನ್ನಬಹುದೇ?

ಮೋಡವನ್ನು ನಾವು ತಡೆಯಲಾರೆವು. ಕಣದ ಪಕ್ಕ ತಾಡಪತ್ರಿ ಇಟ್ಟುಕೊಳ್ಳಬಲ್ಲೆವು. ಕೆಡುವುದು ಕೆಡುತ್ತದೆ ಎಂದು ಕೈಕಟ್ಟಿ ಕೂಡುವವನಿಗೆ ಮರ್ಫಿ ಬರೀ ಗಾದೆ. ಎಲ್ಲಿ ಕೆಡಬಹುದೆಂದು ನೋಡಿ ಕೈಹಚ್ಚುವವನಿಗೆ ಆತ ಒಳ್ಳೆಯ ನೆರೆಯವ. ಈ ಸಂಜೆ ಹೊಲದಿಂದ ಬರುವಾಗ ಒಮ್ಮೆ ನಿಮ್ಮ ಹಳೆಯ ಬೋರಿನ ಕಡೆ ಹೋಗಿ ನೋಡಿ ಬನ್ನಿರಿ.