ಎಣ್ಣೆ ತಿಕ್ಕುವ ಕೈಯ ಹಿಂದಿನ ವಿಜ್ಞಾನ

ನರಕ ಚತುರ್ದಶಿಯಂದು ನಸುಕಿನಲ್ಲೇ ಬಚ್ಚಲ ಹಂಡೆಗೆ ಬೆಂಕಿ ಬೀಳುತ್ತದೆ. ನಿದ್ದೆಗಣ್ಣಿನ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ನೆತ್ತಿಯಿಂದ ಪಾದದವರೆಗೆ ಎಣ್ಣೆ ತಿಕ್ಕುತ್ತಾರೆ. ಕಾರವಾರ-ಅಂಕೋಲಾ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಗಿರುವ ಹಟ್ಟಿಕೇರಿಯಂಥ ಕರಾವಳಿಯ ಊರುಗಳಲ್ಲಿ ತೆಂಗಿನೆಣ್ಣೆಗೇ ಮೊದಲ ಮಣೆ. ಬಾಣಂತಿ ಮತ್ತು ಹಸುಗೂಸಿಗಂತೂ ಎಣ್ಣೆನೀರು ಹಬ್ಬಕ್ಕೆ ಕಾಯುವುದಿಲ್ಲ. ಇದೇ ಅಭ್ಯಂಗ ಈಗ ‘ಮಸಾಜ್’ ಎಂಬ ಹೆಸರಿನಲ್ಲಿ ಪೇಟೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಮಾರಾಟವಾಗುತ್ತಿದೆ. ಅಜ್ಜಿಯ ಕೈ ನಿಜಕ್ಕೂ ಮಾಡುವ ಕೆಲಸವೇನು? ಆ ಕೈ ಎಲ್ಲಿ ತಡೆಯಬೇಕು?

ಚರ್ಮ ಬರಿಯ ಹೊದಿಕೆಯಲ್ಲ, ಅದೊಂದು ಜ್ಞಾನೇಂದ್ರಿಯ. ಅದರಲ್ಲಿ ಒತ್ತಡ, ಕಂಪನ, ಶಾಖ, ನೋವುಗಳನ್ನು ಗುರುತಿಸುವ ಬೇರೆ ಬೇರೆ ಗ್ರಾಹಕಗಳಿವೆ. ಒತ್ತಡವನ್ನು ನರಸಂಕೇತವಾಗಿ ಬದಲಿಸುವ ‘ಪೀಜೊ’ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರು 2021ರಲ್ಲಿ ಡೇವಿಡ್ ಜೂಲಿಯಸ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ರೋಮವಿರುವ ಚರ್ಮದಲ್ಲಿ ಇನ್ನೊಂದು ಬಗೆಯ ಸೂಕ್ಷ್ಮ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ನೇವರಿಕೆಗೆ ಅವು ಚೆನ್ನಾಗಿ ಸ್ಪಂದಿಸಿ ಹಿತಭಾವ ಮೂಡಿಸುತ್ತವೆ. ಅವಸರವಿಲ್ಲದೆ ಬೆನ್ನು ಸವರುವ ಕೈಯ ವೇಗವೂ ಹೆಚ್ಚುಕಡಿಮೆ ಅಷ್ಟೇ!

ಇದು ಬರಿಯ ಹಿತದ ಮಾತಲ್ಲ. ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೈಯನ್ನು ದಿನಕ್ಕೆ ಮೂರು ಬಾರಿ, ತಲಾ 15 ನಿಮಿಷ, ಹತ್ತು ದಿನ ಮೃದುವಾಗಿ ನೀವಲಾಯಿತು. ಉಳಿದ ಶಿಶುಗಳಿಗಿಂತ ಅವುಗಳ ದಿನದ ತೂಕ ಶೇಕಡಾ 47ರಷ್ಟು ಹೆಚ್ಚಾಗಿ ಏರಿತು. ಮುಂಬಯಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವು ಅಂಥ ಶಿಶುಗಳ ತೂಕ ಹೆಚ್ಚಲು ಖನಿಜ ತೈಲಕ್ಕಿಂತ ತೆಂಗಿನೆಣ್ಣೆಯೇ ಮೇಲೆಂದು ತೋರಿಸಿತು.

ಆಟಗಾರರ ವಿಷಯವೇನು? ಮಾಲೀಶು ಮಾಡಿದರೆ ಸ್ನಾಯುಗಳ ಲ್ಯಾಕ್ಟಿಕ್ ಆಮ್ಲ ಹಿಂಡಿ ಹೋಗುತ್ತದೆಂಬ ನಂಬಿಕೆ ಬಹಳ ಕಾಲದ್ದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2012ರಲ್ಲಿ ಇದನ್ನು ಪರೀಕ್ಷಿಸಿದರು. ದಣಿದ 11 ಯುವಕರ ಒಂದು ಕಾಲಿಗೆ ಮಾತ್ರ 10 ನಿಮಿಷ ಮಾಲೀಶು ಮಾಡಿ, ಎರಡೂ ಕಾಲುಗಳ ಸ್ನಾಯುವಿನ ಚೂರು ತೆಗೆದು ನೋಡಿದರು. ಲ್ಯಾಕ್ಟಿಕ್ ಆಮ್ಲದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಉರಿಯೂತದ ಸಂಕೇತಗಳು ತಗ್ಗಿದ್ದವು. ಲಾಭ ನಿಜ, ಹೇಳುತ್ತಿದ್ದ ಕಾರಣ ಮಾತ್ರ ತಪ್ಪು. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಪಾಠವಿದು.

ಕೈ ತಡೆಯಬೇಕಾದ ಕಡೆಗಳೂ ಇವೆ. ಆಟದಲ್ಲಿ ಬಿದ್ದು ಊದಿದ ಪಾದವನ್ನು ಮೊದಲ ಎರಡು ದಿನ ತಿಕ್ಕಬಾರದು. ಮೂಳೆ ಮುರಿದಿದ್ದರೆ ತಿಕ್ಕಿದಷ್ಟೂ ಹಾನಿ. ಶಿಶುವಿನ ಮೂಗು, ಕಿವಿಗೆ ಎಣ್ಣೆ ಬಿಡಬಾರದು. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಬರಬಹುದು. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ತಿಕ್ಕಿದರೆ ಅದು ಕಳಚಿ ಶ್ವಾಸಕೋಶ ಸೇರುವ ಅಪಾಯವಿದೆ.

ಎಲ್ಲಕ್ಕಿಂತ ಮುಖ್ಯವಾದುದು ಪಾರ್ಶ್ವವಾಯು. ಅಂಕೋಲಾ ಬಳಿಯ ಬೆಳಂಬಾರ ಲಕ್ವದ ನಾಟಿ ಔಷಧಕ್ಕೆ ದೂರದೂರಕ್ಕೂ ಹೆಸರಾದ ಊರು. ಆದರೆ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದ ಕ್ಷಣದಲ್ಲಿ ನೆನಪಿಗೆ ಬರಬೇಕಾದದ್ದು ಎಣ್ಣೆಯೂ ಅಲ್ಲ, ಔಷಧದ ಬೇರೂ ಅಲ್ಲ, ಗಡಿಯಾರ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ದಾರಿಯ ದೂರವನ್ನು ಲೆಕ್ಕ ಹಾಕಿದರೆ ಮನೆಯಲ್ಲಿ ಎಣ್ಣೆ ಕಾಯಿಸಲು ಸಮಯವೇ ಉಳಿಯುವುದಿಲ್ಲ. ಕೂಡಲೇ 108ಕ್ಕೆ ಕರೆ ಮಾಡಬೇಕು. ಅಂಗಸಾಧನೆ, ಮಾಲೀಶು ಇವೆಲ್ಲ ಜೀವ ಉಳಿದ ಮೇಲೆ, ವೈದ್ಯರು ಹೇಳಿದಂತೆ.

ಪರೀಕ್ಷೆಯ ದಿನಗಳಲ್ಲಿ ಕತ್ತು ಬಗ್ಗಿಸಿ ಓದಿ ದಣಿದ ಮಗನಿಗೋ ಮಗಳಿಗೋ ಹತ್ತು ನಿಮಿಷ ಹೆಗಲು ನೀವಿ ನೋಡಿ. ಖರ್ಚು ಒಂದು ಚಮಚ ತೆಂಗಿನೆಣ್ಣೆ. ನೆಲಕ್ಕೆ ಚೆಲ್ಲಿದ ಹನಿಯನ್ನು ಒರೆಸಲು ಮಾತ್ರ ಮರೆಯಬೇಡಿ. ಜಾರುವ ಬಚ್ಚಲಿನಲ್ಲಿ ಅಭ್ಯಂಜನದ ಲಾಭವೆಲ್ಲ ಒಂದೇ ಕ್ಷಣದಲ್ಲಿ ನಷ್ಟವಾದೀತು!